ಅಜ್ಜಿಗೆ ಕೇಳಿಸಿದ್ದು ‘ಕೂಟ’, ಮೊಮ್ಮಗಳು ಹೇಳಿದ್ದು ‘ಕೂಟೀಸ್’

ವುಡ್‌ರಿಡ್ಜ್ (ಇಲಿನಾಯ್): ಶಿಕಾಗೋದ ನೈಋತ್ಯಕ್ಕಿರುವ ನಮ್ಮ ವುಡ್‌ರಿಡ್ಜ್‌ನಂಥ ಊರುಗಳಿಗೆ ಚಳಿ ಕಡಿಮೆಯಾಗುತ್ತಿದ್ದಂತೆ ಕರ್ನಾಟಕದಿಂದ ಅಜ್ಜ ಅಜ್ಜಿಯರು ಬಂದಿಳಿಯುತ್ತಾರೆ. ಶಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನಲ್ಲಿ ಪಂಪ ಕನ್ನಡ ಕೂಟ ಎಂದು ಕೇಳಿ ಕೇಳಿ ‘ಕೂಟ’ ಅವರ ಕಿವಿಗೆ ಹಿತವಾದ ಪದ. ಹೀಗಿರುವಾಗ ಮೊಮ್ಮಗಳು ಶಾಲೆಯಿಂದ ಬಂದು, “ನಂಗೆ ಕೂಟೀಸ್ ಇದೆ ಅಂತಾರೆ ಅಜ್ಜಿ” ಎಂದು ಮುಖ ಚಿಕ್ಕದು ಮಾಡಿಕೊಂಡರೆ, “ಕೂಟ ಇದ್ರೆ ಒಳ್ಳೇದೇ ಅಲ್ವೇನೇ ಪುಟ್ಟಿ?” ಎಂದು ಅಜ್ಜಿ ಕೇಳಿಬಿಡಬಹುದು. ಆ ಪದದ ಅರ್ಥ ಗೊತ್ತಾದರೆ ಅಜ್ಜಿಗೆ ನಗು ಬರಲಾರದು. ಕೂಟೀಸ್ ಎಂದರೆ ಹೇನು!

ಈ ಬೈಗುಳ ಹುಟ್ಟಿದ್ದು ಶಾಲೆಯ ಅಂಗಳದಲ್ಲಿ ಅಲ್ಲ, ಯುದ್ಧಭೂಮಿಯಲ್ಲಿ. ಮೊದಲ ಮಹಾಯುದ್ಧದಲ್ಲಿ ಕಂದಕಗಳೊಳಗೆ ತಿಂಗಳುಗಟ್ಟಲೆ ಸ್ನಾನವಿಲ್ಲದೆ ಇದ್ದ ಸೈನಿಕರ ಬಟ್ಟೆಯ ಹೊಲಿಗೆಗಳಲ್ಲಿ ಹೇನು ಗೂಡು ಕಟ್ಟುತ್ತಿದ್ದವು. ಸೈನಿಕರು ಮೇಣದಬತ್ತಿಯ ಉರಿ ತಾಗಿಸಿ ಅವನ್ನು ಸುಡುತ್ತಿದ್ದರು. ಅವರ ಆಡುಮಾತಿನಲ್ಲಿ ಈ ಹೇನಿಗೆ ಬಂದ ಹೆಸರು ‘ಕೂಟಿ’. ಪದ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1917ರಲ್ಲಿ. ಮಲಯ ಭಾಷೆಯಲ್ಲಿ ಹೇನಿಗೆ ‘ಕುಟು’ ಎನ್ನುತ್ತಾರೆ; ಅಲ್ಲಿಂದ ನಾವಿಕರ ಬಾಯಿಗೆ, ನಾವಿಕರಿಂದ ಸೈನಿಕರ ಬಾಯಿಗೆ ಬಂದಿರಬೇಕು ಎಂಬುದು ನಿಘಂಟುಕಾರರ ಅಂದಾಜು. ಈ ಹೇನು ಬರೀ ಕಚ್ಚಿ ಬಿಡುವಂಥದ್ದಲ್ಲ. ಸೈನಿಕರನ್ನು ಕಾಡಿದ ‘ಟ್ರೆಂಚ್ ಜ್ವರ’ ಹರಡುವುದು ಇದರಿಂದಲೇ ಎಂದು 1918ರಲ್ಲಿ ವೈದ್ಯರು ಪತ್ತೆಹಚ್ಚಿದರು.

ಆ ಯುದ್ಧದ ನೆನಪು ನಮ್ಮ ಡುಪೇಜ್ ಕೌಂಟಿಯಲ್ಲೇ ಇದೆ. ಪಕ್ಕದ ವೀಟನ್‌ನ ಕ್ಯಾಂಟಿನೀ ಉದ್ಯಾನಕ್ಕೆ ಕನ್ನಡಿಗರೂ ಹೂವಿನ ತೋಟ ನೋಡಲು ಹೋಗುತ್ತಾರೆ. 1918ರ ಮೇ 28ರಂದು ಅಮೆರಿಕದ ಮೊದಲ ಡಿವಿಷನ್ ಫ್ರಾನ್ಸ್‌ನಲ್ಲಿ ಗೆದ್ದ ಹಳ್ಳಿಯ ಹೆಸರು ಅದು. ಆ ಡಿವಿಷನ್‌ನ ವಸ್ತುಸಂಗ್ರಹಾಲಯವೂ ಅಲ್ಲೇ ಇದೆ. ಅಂಥ ಕಂದಕಗಳಿಂದ ಮನೆಗೆ ಮರಳಿದ ಸೈನಿಕರ ಜೊತೆ ಪದವೂ ಬಂತು. ಮುಂದೆ ಅದು ಮಕ್ಕಳ ಕೈಗೆ ಸಿಕ್ಕಿತು. 1949ರಲ್ಲಿ ಮಿನೆಸೋಟಾದ ಹರ್ಬ್ ಶೇಪರ್ ಎಂಬವರು ‘ಕೂಟಿ’ ಎಂಬ ಆಟಿಕೆಯನ್ನೇ ಮಾರುಕಟ್ಟೆಗೆ ತಂದರು. ದಾಳ ಹಾಕುತ್ತಾ ಹುಳುವಿನ ತಲೆ, ಕಾಲು, ಮೀಸೆಗಳನ್ನು ಜೋಡಿಸುವ ಆಟ ಅದು.

ಈಗಿನ ಮಕ್ಕಳಿಗೆ ಕೂಟೀಸ್ ಎಂದರೆ ಹೇನು ಎಂಬುದೇ ಗೊತ್ತಿಲ್ಲ. ಅದು ಕಣ್ಣಿಗೆ ಕಾಣದ, ಮುಟ್ಟಿದರೆ ಅಂಟಿಕೊಳ್ಳುವ ಒಂದು ಕೊಳೆ. ಒಬ್ಬರಿಗೆ ಅದು ‘ಇದೆ’ ಎಂದು ಯಾರೋ ಹೇಳಿದರೆ ಸಾಕು, ಉಳಿದವರು ದೂರ ಓಡುತ್ತಾರೆ. ಮುಟ್ಟಿಸಿಕೊಂಡವರು ಇನ್ನೊಬ್ಬರಿಗೆ ದಾಟಿಸಬೇಕು. ಪರಿಹಾರಕ್ಕೆ ಸುಳ್ಳು ಇಂಜೆಕ್ಷನ್ನೂ ಉಂಟು. ತೋಳಿನ ಮೇಲೆ ಬೆರಳಿನಿಂದ ಎರಡು ಸುತ್ತು, ಎರಡು ಚುಕ್ಕೆ ಬರೆದರೆ ಆಯಿತು. ಹುಡುಗರು ಹುಡುಗಿಯರನ್ನು, ಹುಡುಗಿಯರು ಹುಡುಗರನ್ನು ಹೀಗೆ ಅಟ್ಟಾಡಿಸುವುದೇ ಹೆಚ್ಚು. ಬಹಳಷ್ಟು ಸಲ ಇದು ಬರೀ ಆಟ.

ಆದರೆ ಆಟ ಒಂದೇ ಮಗುವಿನ ಮೇಲೆ ನಿಂತುಬಿಟ್ಟರೆ? ಕ್ಯಾಲಿಫೋರ್ನಿಯಾ ಮತ್ತು ಮಿಷಿಗನ್‌ನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಜೊತೆ ಕುಳಿತು ಗಮನಿಸಿದ ಸಮಾಜಶಾಸ್ತ್ರಜ್ಞೆ ಬ್ಯಾರೀ ಥಾರ್ನ್ 1993ರ ತಮ್ಮ ‘ಜೆಂಡರ್ ಪ್ಲೇ’ ಪುಸ್ತಕದಲ್ಲಿ ಈ ವಿಷಯ ಚರ್ಚಿಸಿದ್ದಾರೆ. ಈ ಹೆಸರು ಹುಡುಗಿಯರಿಗೆ, ಬಡ ಮಕ್ಕಳಿಗೆ, ದಪ್ಪಗಿರುವವರಿಗೆ ಬೇಗ ಅಂಟುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ, ಡಬ್ಬಿಯಲ್ಲಿ ಒಗ್ಗರಣೆ ಘಮಿಸುವ ನಮ್ಮ ಮಕ್ಕಳ ತಾಯಂದಿರು ಯೋಚಿಸಬೇಕಾದ ಮಾತಿದು.

ಇನ್ನೂ ಒಂದು ಮಾತಿದೆ. ಮಾನವಶಾಸ್ತ್ರಜ್ಞ ಲಾರೆನ್ಸ್ ಹರ್ಷ್‌ಫೆಲ್ಡ್ 2002ರಲ್ಲಿ ಬರೆದ ಲೇಖನದಲ್ಲಿ ಕೂಟೀಸ್ ಆಟವನ್ನು ನಮ್ಮ ಕಡೆಯ ಜಾತಿ-ಮೈಲಿಗೆಗೆ ಹೋಲಿಸಿದರು. ಓದಿದಾಗ ಚುರುಕ್ ಎನ್ನುತ್ತದೆ. ಆದರೆ ಅಲ್ಲಗಳೆಯುವುದು ಹೇಗೆ? ಮುಟ್ಟಿದರೆ ಅಂಟುತ್ತದೆ, ಅಂಟಿದ್ದು ಕಣ್ಣಿಗೆ ಕಾಣುವುದಿಲ್ಲ, ಕಳೆಯಲು ಒಂದು ಶಾಸ್ತ್ರ ಬೇಕು. ಇದನ್ನು ಅಜ್ಜ ಅಜ್ಜಿಯರಿಗೆ ಇಂಗ್ಲಿಷ್‌ನಲ್ಲಿ ವಿವರಿಸಬೇಕಿಲ್ಲ. ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟಿದ್ದನ್ನು ನೋಡಿದ ತಲೆಮಾರು ಅದು. ಸಂವಿಧಾನದ 17ನೇ ವಿಧಿ ತೆಗೆದುಹಾಕಿದ್ದನ್ನು ಮೊಮ್ಮಕ್ಕಳು ಆಟವಾಗಿ ಕಲಿಯುವುದು ಬೇಡ.

ಹಾಗಾದರೆ ಏನು ಮಾಡಬೇಕು? ಮೊದಲು, ಎಲ್ಲರನ್ನೂ ಅಂದರೇ, ನಿನ್ನೊಬ್ಬಳನ್ನೇ ಅಂದರೇ ಎಂದು ಮಗುವನ್ನು ಕೇಳಿ. ದಿನಾ ಒಬ್ಬಳನ್ನೇ ಅನ್ನುತ್ತಿದ್ದರೆ ಅದು ಆಟವಲ್ಲ, ಟೀಚರ್‌ಗೆ ತಿಳಿಸಬೇಕು. ನಮ್ಮ ಮಗುವೇ ಬೇರೆಯವರನ್ನು ಹೀಗೆ ಕರೆಯುತ್ತಿದ್ದರೆ ಅದನ್ನೂ ಅಷ್ಟೇ ಗಂಭೀರವಾಗಿ ತಿದ್ದಬೇಕು.

ಇನ್ನು ನಿಜವಾದ ಹೇನೇ ಬಂದರೂ ನಾಚಿಕೆಪಡಬೇಕಿಲ್ಲ. ಅಮೆರಿಕದಲ್ಲಿ 3ರಿಂದ 11 ವರ್ಷದ ಮಕ್ಕಳಲ್ಲಿ ವರ್ಷಕ್ಕೆ 60 ಲಕ್ಷದಿಂದ 1.2 ಕೋಟಿ ಪ್ರಕರಣಗಳು ಆಗುತ್ತವೆಂದು ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಅಂದಾಜಿಸಿದೆ. ತಲೆಹೇನು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ತಲೆಗೆ ತಲೆ ತಾಗಿದರೆ ಹರಿದು ಬರುತ್ತದೆ. ಶುಚಿಯಾದ ಕೂದಲಿಗೂ ಬರುತ್ತದೆ. ಹೇನಿದೆ ಎಂಬ ಕಾರಣಕ್ಕೆ ಮಗುವನ್ನು ಶಾಲೆಯಿಂದ ಹೊರಗಿಡಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ.

ಊರಿನಲ್ಲಿ ಹೇನಾದರೆ ಅಜ್ಜಿ ಜಗಲಿಯ ಮೇಲೆ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು, ಕಥೆ ಹೇಳುತ್ತಾ ಗಂಟೆಗಟ್ಟಲೆ ತಲೆ ಬಾಚುತ್ತಿದ್ದಳು. ಹೇನಿದೆ ಎಂದು ಯಾರೂ ದೂರ ತಳ್ಳುತ್ತಿರಲಿಲ್ಲ. ಈ ಸಲ ಅಜ್ಜಿಯ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಜೊತೆ ಸಣ್ಣ ಹಲ್ಲಿನ ಬಾಚಣಿಗೆಯೂ ಬರಲಿ. ಯಾರೂ ಮುಟ್ಟಲಿಲ್ಲ ಎಂದು ಅತ್ತು ಬಂದ ಮಗುವಿನ ತಲೆ ನೇವರಿಸಲು ಅದೊಂದು ನೆಪವಾದೀತು.