ಐಸಿಯು: ವೆಂಟಿಲೇಟರ್ ಮಾತ್ರ ಸಾಲದು, ನರ್ಸ್‌ಗಳೂ ಬೇಕು

ಮನೆಯವರನ್ನು ಐಸಿಯುಗೆ ಸೇರಿಸುವಾಗ ಜನ ಕೇಳುವುದು ಎರಡೇ: ವೆಂಟಿಲೇಟರ್ ಇದೆಯಾ, ದಿನಕ್ಕೆ ಬಿಲ್ ಎಷ್ಟು? ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಅಂತ ಕೇಳುವವರು ಕಡಿಮೆ. ಆದರೆ ಪ್ರಾಣದ ಲೆಕ್ಕ ಅಲ್ಲೂ ಇದೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರ ಬಗ್ಗೆ ಲಿಂಡಾ ಐಕೆನ್ ತಂಡ ಅಧ್ಯಯನ ನಡೆಸಿ 2002ರಲ್ಲಿ ವರದಿ ಪ್ರಕಟಿಸಿತು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದೊಂದು ಹೆಚ್ಚಿದಂತೆ, 30 ದಿನಗಳೊಳಗೆ ಸಾವಿನ ಸಾಧ್ಯತೆಯೂ ಶೇ. 7ರಷ್ಟು ಹೆಚ್ಚು ಕಂಡುಬಂತು. 2014ರಲ್ಲಿ ಯುರೋಪಿನ 9 ದೇಶಗಳ ಅಧ್ಯಯನದಲ್ಲೂ ಅದೇ ಶೇ. 7.

ಇದು ಐಸಿಯು ಒಂದರದ್ದೇ ಲೆಕ್ಕವಲ್ಲ. ಆದರೆ ಐಸಿಯುನಲ್ಲಿ ನರ್ಸ್ ಮೇಲಿನ ಅವಲಂಬನೆ ಇನ್ನೂ ಜಾಸ್ತಿ. ಬಿಪಿ ಇಳಿದರೆ ಮಾನಿಟರ್ ಬೀಪ್ ಅನ್ನುತ್ತದೆ, ಅಷ್ಟೇ. ಓಡಿ ಬರುವುದು, ಟ್ಯೂಬಿನ ಕಫ ತೆಗೆಯುವುದು, ಮಗ್ಗುಲು ಬದಲಿಸುವುದು ನರ್ಸ್. ಕೆಲಸ ಮಿತಿಮೀರಿದರೆ ಕೈ ತೊಳೆಯುವುದಕ್ಕೂ ಪುರುಸೊತ್ತಿರುವುದಿಲ್ಲ. ಸೋಂಕು ಹರಡಲು ಅಷ್ಟು ಸಾಕು.

ಕ್ಯಾಲಿಫೋರ್ನಿಯಾದಲ್ಲಿ ಐಸಿಯು ನರ್ಸ್ ಒಬ್ಬರಿಗೆ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ, ಅದು ಕಾನೂನು.

ಕಾಸರಗೋಡಿನಿಂದ ಮಂಗಳೂರಿಗೆ ರೋಗಿಯನ್ನು ಕರೆದೊಯ್ಯುವವರು ಬಿಲ್ ಜೊತೆ ಇದನ್ನೂ ಕೇಳಲಿ: ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್‌ಗೆ ರೋಗಿಗಳು ಎಷ್ಟು?