ಉಪಗ್ರಹಕ್ಕೆ ಕಂಡ ಮೋಡ, ಹೊಲಕ್ಕೆ ಬಾರದ ಮಳೆ

ಮಂಡ್ಯ: ಟಿ.ವಿ. ಪರದೆಯ ಮೇಲೆ ರಾಜ್ಯದ ನಕ್ಷೆಯನ್ನು ಬಿಳಿ ಮೋಡ ಆವರಿಸಿರುತ್ತದೆ. ‘ದಕ್ಷಿಣ ಒಳನಾಡಿನ ಕೆಲವು ಕಡೆ ಮಳೆಯಾಗುವ ಸಾಧ್ಯತೆ’ ಎಂಬ ಸಾಲು ಕೆಳಗೆ ಹರಿದುಹೋಗುತ್ತದೆ. ಅಂದು ಸಂಜೆ ಮದ್ದೂರು ಸುತ್ತಮುತ್ತ ಗುಡುಗು ಸಹಿತ ಮಳೆ ಸುರಿದು ಕಟ್ಟೆಗಳು ತುಂಬುತ್ತವೆ. ಕೆಲವೇ ಕಿಲೋಮೀಟರ್ ದೂರದ ಮಳವಳ್ಳಿ ಕಡೆಯ ಹೊಲದಲ್ಲಿ ದೂಳೂ ಅಡಗುವುದಿಲ್ಲ. ಮುನ್ಸೂಚನೆ ನಿಜವಾಯಿತೆನ್ನುತ್ತಾನೆ ಒಬ್ಬ ರೈತ, ಸುಳ್ಳಾಯಿತೆನ್ನುತ್ತಾನೆ ಇನ್ನೊಬ್ಬ. ಇಬ್ಬರೂ ನೋಡಿದ್ದು ಒಂದೇ ಉಪಗ್ರಹ ಚಿತ್ರವನ್ನು.

ಪ್ರತಿ ಹಂಗಾಮಿನಲ್ಲೂ ಮರುಕಳಿಸುವ ಈ ಗೊಂದಲಕ್ಕೆ ಕಾರಣ ಉಪಗ್ರಹದ ದೋಷವಲ್ಲ. ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದು ನಮಗೆ ತಿಳಿಯದಿರುವುದೇ ಮುಖ್ಯ ಕಾರಣ. ಬಿತ್ತನೆ ಬೀಜ, ಗೊಬ್ಬರ, ಕೂಲಿಗೆ ಸಾಲ ಮಾಡಿ ಆಕಾಶ ನೋಡುವವನಿಗೆ ಈ ತಿಳಿವಳಿಕೆ ಕೇವಲ ಸಾಮಾನ್ಯ ಜ್ಞಾನವಲ್ಲ.

ಎರಡು ಆಕಾಶಗಳ ಜಿಲ್ಲೆ

ಮಂಡ್ಯ ಜಿಲ್ಲೆ ನೀರಾವರಿಗೆ ಹೆಸರಾಗಿದ್ದರೂ ಮಳೆಯಲ್ಲಿ ಶ್ರೀಮಂತವಲ್ಲ. ಪಶ್ಚಿಮಘಟ್ಟದ ಮಳೆ ನೆರಳಿನಲ್ಲಿರುವ ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 700 ಮಿ.ಮೀ. ಮಾತ್ರ. ಕರಾವಳಿ, ಮಲೆನಾಡುಗಳಲ್ಲಿ ಮುಂಗಾರು ಅಬ್ಬರಿಸುವ ಜೂನ್, ಜುಲೈ ತಿಂಗಳುಗಳಲ್ಲಿ ಇಲ್ಲಿ ಬಹುಮಟ್ಟಿಗೆ ಮೋಡ, ಗಾಳಿ, ತುಂತುರು. ನೆಲ ನೆನೆಯುವ ಮಳೆ ಬರುವುದು ಮೇ ತಿಂಗಳ ಭರಣಿ, ಕೃತ್ತಿಕೆಗಳಲ್ಲಿ. ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನ ಉತ್ತರೆ, ಹಸ್ತ, ಚಿತ್ತೆಗಳಲ್ಲಿ.

ಹೀಗಾಗಿ ಇಲ್ಲಿನ ರೈತ ಎರಡು ಆಕಾಶಗಳನ್ನು ಗಮನಿಸಬೇಕು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತ, ಕಬ್ಬು ಬೆಳೆಯುವವನಿಗೆ ಮುಖ್ಯವಾದುದು ಕೊಡಗಿನ ಆಕಾಶ. ತಲಕಾವೇರಿ, ಭಾಗಮಂಡಲದ ಕಡೆ ಮಳೆ ಬಿದ್ದರೆ ಕೃಷ್ಣರಾಜಸಾಗರದ ಮಟ್ಟ 124.80 ಅಡಿಯತ್ತ ಏರುತ್ತದೆ, ನಾಲೆಗೆ ನೀರು ಬರುತ್ತದೆ. ನೀರಾವರಿ ಇಲ್ಲದ ಹೊಲದಲ್ಲಿ ರಾಗಿ, ಹುರುಳಿ ಬಿತ್ತುವವನಿಗೆ ತನ್ನ ತಲೆಯ ಮೇಲಿನ ಆಕಾಶವೇ ಗತಿ. ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ನಾಲೆಯ ಕೊನೆ ಭಾಗದಲ್ಲಿರುವವರಿಗೆ ಎರಡೂ ಬೇಕು. ಉಪಗ್ರಹವು ಈ ಎರಡು ಆಕಾಶಗಳನ್ನು ಒಂದೇ ರೀತಿಯಲ್ಲಿ ಕಾಣುವುದಿಲ್ಲ ಎಂಬುದೇ ಇಲ್ಲಿನ ವಿಶೇಷ.

36 ಸಾವಿರ ಕಿ.ಮೀ. ಎತ್ತರದ ಕಾವಲು

ಅಮೆರಿಕವು 1960ರ ಏಪ್ರಿಲ್ 1ರಂದು ಉಡಾಯಿಸಿದ ಟೈರೋಸ್-1, ಮೋಡಗಳ ಚಿತ್ರ ಕಳುಹಿಸಿದ ಮೊದಲ ಯಶಸ್ವಿ ಹವಾಮಾನ ಉಪಗ್ರಹ. ಭಾರತದಲ್ಲಿ ಈ ಕೆಲಸ 1980ರ ದಶಕದಲ್ಲಿ ಇನ್ಸಾಟ್ ಸರಣಿಯೊಂದಿಗೆ ಬೇರೂರಿತು. ಹವಾಮಾನಕ್ಕೆಂದೇ ಮೀಸಲಾದ ದೇಶದ ಮೊದಲ ಉಪಗ್ರಹ ಮೆಟ್‌ಸ್ಯಾಟ್ 2002ರ ಸೆಪ್ಟೆಂಬರ್ 12ರಂದು ಗಗನಕ್ಕೇರಿತು. ಕೊಲಂಬಿಯಾ ದುರಂತದಲ್ಲಿ ಮಡಿದ ಕಲ್ಪನಾ ಚಾವ್ಲಾ ಅವರ ನೆನಪಿಗೆ 2003ರಲ್ಲಿ ಅದಕ್ಕೆ ಕಲ್ಪನಾ-1 ಎಂದು ಮರುನಾಮಕರಣ ಮಾಡಲಾಯಿತು. ಅನಂತರ ಇನ್ಸಾಟ್-3ಡಿ (2013), 3ಡಿಆರ್ (2016) ಹಾಗೂ 2024ರ ಫೆಬ್ರವರಿ 17ರಂದು ಇನ್ಸಾಟ್-3ಡಿಎಸ್ ಕಕ್ಷೆ ಸೇರಿದವು.

ಇವು ಸಮಭಾಜಕ ವೃತ್ತದ ಮೇಲೆ ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ, ಭೂಮಿ ತನ್ನ ಸುತ್ತ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುತ್ತವೆ. ಆದ್ದರಿಂದ ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ತೋರುತ್ತವೆ. ಭಾರತ ಮತ್ತು ಹಿಂದೂ ಮಹಾಸಾಗರದ ಮೇಲೆ ಹಗಲಿರುಳೂ ಕಣ್ಣಿಟ್ಟಿರುತ್ತವೆ. ಒಂದು ಉಪಗ್ರಹ ಅರ್ಧ ಗಂಟೆಗೊಂದು ಚಿತ್ರ ನೀಡಿದರೆ, ಎರಡನ್ನು ಸರದಿಯಂತೆ ಬಳಸಿದಾಗ ಕಾಲು ಗಂಟೆಗೊಂದು ಚಿತ್ರ ದೊರೆಯುತ್ತದೆ. ಈ ಉಪಗ್ರಹಗಳನ್ನು ಕಕ್ಷೆಯಲ್ಲಿ ಹತೋಟಿಯಲ್ಲಿಡುವ ಮುಖ್ಯ ನಿಯಂತ್ರಣ ಕೇಂದ್ರ ಮಂಡ್ಯದ ನೆರೆಯ ಹಾಸನದಲ್ಲೇ ಇದೆ.

ಇನ್ನೊಂದು ಬಗೆಯ ಉಪಗ್ರಹಗಳು 700–800 ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಇವು ಹತ್ತಿರದಿಂದ ನೋಡುವುದರಿಂದ ವಿವರ ಹೆಚ್ಚು. ಆದರೆ ಒಂದು ಊರಿನ ಮೇಲೆ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಮಾತ್ರ ಹಾದುಹೋಗುತ್ತವೆ.

ಚಿತ್ರವಲ್ಲ, ಉಷ್ಣತೆಯ ಅಳತೆ

ಉಪಗ್ರಹದಲ್ಲಿರುವುದು ನಮ್ಮ ಕೈಯಲ್ಲಿರುವಂಥ ಕ್ಯಾಮೆರಾ ಅಲ್ಲ. ಇನ್ಸಾಟ್-3ಡಿಎಸ್‌ನ ಚಿತ್ರಗ್ರಾಹಿಯು ಆರು ಬೇರೆ ಬೇರೆ ತರಂಗ ಪಟ್ಟಿಗಳಲ್ಲಿ ಭೂಮಿಯಿಂದ ಬರುವ ವಿಕಿರಣವನ್ನು ಅಳೆಯುತ್ತದೆ. ಗೋಚರ ಬೆಳಕಿನ ಪಟ್ಟಿ ಹಗಲಿನಲ್ಲಿ ಮಾತ್ರ ಉಪಯುಕ್ತ. ಅವಕೆಂಪು ಪಟ್ಟಿಗಳು ರಾತ್ರಿಯೂ ಕೆಲಸ ಮಾಡುತ್ತವೆ. ಏಕೆಂದರೆ ಅವು ಅಳೆಯುವುದು ಮೋಡದ ನೆತ್ತಿಯ ಉಷ್ಣತೆಯನ್ನು.

ಮೇಲೆ ಹೋದಂತೆ ವಾತಾವರಣ ತಣ್ಣಗಾಗುತ್ತದೆ. ಆದ್ದರಿಂದ ನೆತ್ತಿ ಮೈನಸ್ 60 ಡಿಗ್ರಿಯಷ್ಟು ತಣ್ಣಗಿರುವ ಮೋಡ ಹದಿಮೂರು, ಹದಿನಾಲ್ಕು ಕಿ.ಮೀ. ಎತ್ತರಕ್ಕೆ ಬೆಳೆದ ಗುಡುಗು ಮೋಡವಾಗಿರಬಹುದು. ಚಿತ್ರದಲ್ಲಿ ಅದನ್ನು ಅಚ್ಚ ಬಿಳಿಯಾಗಿ ಅಥವಾ ಕೆಂಪು ಬಣ್ಣ ಹಚ್ಚಿ ತೋರಿಸಲಾಗುತ್ತದೆ. ನೀರಾವಿಯ ಪಟ್ಟಿಯು ಮೋಡವಿಲ್ಲದ ಕಡೆಯೂ ಮೇಲ್ಮಟ್ಟದ ಗಾಳಿಯಲ್ಲಿರುವ ತೇವವನ್ನು ಬಯಲು ಮಾಡುತ್ತದೆ. ಒಂದರ ನಂತರ ಒಂದು ಚಿತ್ರದಲ್ಲಿ ಅದೇ ಮೋಡ ಎಷ್ಟು ದೂರ ಸರಿಯಿತೆಂದು ಲೆಕ್ಕ ಹಾಕಿದರೆ ಆ ಎತ್ತರದ ಗಾಳಿಯ ವೇಗ, ದಿಕ್ಕು ತಿಳಿಯುತ್ತವೆ. ಇದರ ಜೊತೆಗೆ 19 ಪಟ್ಟಿಗಳ ಮತ್ತೊಂದು ಉಪಕರಣ ಗಾಳಿಯ ಬೇರೆ ಬೇರೆ ಎತ್ತರಗಳಲ್ಲಿನ ಉಷ್ಣತೆ, ತೇವಾಂಶವನ್ನು ಅಂದಾಜಿಸುತ್ತದೆ.

ಇಷ್ಟೆಲ್ಲ ಇದ್ದರೂ ಉಪಗ್ರಹಕ್ಕೆ ಕಾಣುವುದು ಮೋಡದ ನೆತ್ತಿ; ರೈತನಿಗೆ ಬೇಕಾದುದು ಮೋಡದ ಅಡಿಯಿಂದ ಬೀಳುವ ಹನಿ. ಅವಕೆಂಪು ಚಿತ್ರದ ಒಂದು ಚುಕ್ಕಿ ನೆಲದ ಮೇಲೆ ಸುಮಾರು 4 ಕಿ.ಮೀ. ಉದ್ದ, 4 ಕಿ.ಮೀ. ಅಗಲದ ಪ್ರದೇಶಕ್ಕೆ ಸಮ. ಹಲವು ಊರುಗಳು ಅದರೊಳಗೆ ಅಡಗಿಹೋಗುತ್ತವೆ. ಇಡೀ ಮಂಡ್ಯ ಜಿಲ್ಲೆ ಆ ಚಿತ್ರದಲ್ಲಿ ಸುಮಾರು ಮುನ್ನೂರು ಚುಕ್ಕಿಗಳಷ್ಟೆ.

ಕೊಡಗಿನ ಮಳೆ ಕಣ್ತಪ್ಪುವುದೇಕೆ?

‘ಮೋಡದ ನೆತ್ತಿ ತಣ್ಣಗಿದ್ದಷ್ಟೂ ಮಳೆ ಹೆಚ್ಚು’ ಎಂಬ ಲೆಕ್ಕಾಚಾರ ಬಯಲುಸೀಮೆಯ ಗುಡುಗು ಮಳೆಗೆ ಸಾಕಷ್ಟು ಹೊಂದುತ್ತದೆ. ಘಟ್ಟದಲ್ಲಿ ಅದು ಎಡವುತ್ತದೆ. ಅರಬ್ಬಿ ಸಮುದ್ರದಿಂದ ಬರುವ ತೇವಭರಿತ ಗಾಳಿ ಬೆಟ್ಟದ ಗೋಡೆಗೆ ತಾಗಿ ಮೇಲೇರುವಾಗ ಹೆಚ್ಚು ಎತ್ತರಕ್ಕೆ ಬೆಳೆಯದ ಮೋಡಗಳಿಂದಲೇ ದಿನಗಟ್ಟಲೆ ಮಳೆ ಸುರಿಯುತ್ತದೆ. ಈ ಮೋಡಗಳ ನೆತ್ತಿ ಅಷ್ಟೇನೂ ತಣ್ಣಗಿರುವುದಿಲ್ಲ. ಹೀಗಾಗಿ ಅವಕೆಂಪು ಅಳತೆಯನ್ನೇ ನಂಬಿದ ಅಂದಾಜು ಘಟ್ಟದ ಮಳೆಯನ್ನು ಕಡಿಮೆ ತೋರಿಸುವುದುಂಟು. ಕೃಷ್ಣರಾಜಸಾಗರದ ಒಳಹರಿವಿನ ಲೆಕ್ಕಕ್ಕೆ ಇಂದಿಗೂ ನೆಲದ ಮೇಲಿನ ಮಳೆಮಾಪಕ ಹಾಗೂ ನದಿಯ ಹರಿವಿನ ಮಾಪನ ಅನಿವಾರ್ಯವಾಗಿರುವುದು ಇದರಿಂದಲೇ.

ಮೇ ತಿಂಗಳ ಗುಡುಗು ಮಳೆಯ ಸಮಸ್ಯೆ ಬೇರೆ. ಮಧ್ಯಾಹ್ನದ ಬಿಸಿಲಿಗೆ ಹುಟ್ಟಿದ ಮೋಡ ಒಂದೆರಡು ಗಂಟೆಯಲ್ಲಿ ಬೆಳೆದು, ಸುರಿದು, ಕರಗಿಹೋಗುತ್ತದೆ. ಅದರ ಅಗಲ ಹತ್ತಾರು ಕಿಲೋಮೀಟರ್ ಮೀರದಿರಬಹುದು. ಹುಟ್ಟಿದ ಮೇಲೆ ಉಪಗ್ರಹ ಅದನ್ನು ಕಾಣುತ್ತದೆ. ಎಲ್ಲಿ ಹುಟ್ಟುತ್ತದೆಂದು ಹಿಂದಿನ ದಿನವೇ ಊರಿನ ಹೆಸರು ಹಿಡಿದು ಹೇಳುವುದು ಸಾಧ್ಯವಾಗಿಲ್ಲ.

ದೊಡ್ಡದನ್ನು ಚೆನ್ನಾಗಿ ಕಾಣುವ ಕಣ್ಣು

ಸಮುದ್ರದ ಮೇಲೆ ಹುಟ್ಟುವ ಚಂಡಮಾರುತದ ವಿಷಯದಲ್ಲಿ ಮಾತ್ರ ಉಪಗ್ರಹಕ್ಕೆ ಸಾಟಿಯಿಲ್ಲ. ಅಲ್ಲಿ ಮಳೆಮಾಪಕಗಳಿಲ್ಲ, ವೀಕ್ಷಣಾಲಯಗಳಿಲ್ಲ. 2024ರ ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ರೂಪುಗೊಂಡ ‘ಫೆಂಗಲ್’ ಚಂಡಮಾರುತ ನವೆಂಬರ್ 30ರಂದು ಪುದುಚೇರಿ ಸಮೀಪ ದಡ ಸೇರಿತು. ದುರ್ಬಲಗೊಂಡ ಮೇಲೂ ಅದು ಪಶ್ಚಿಮಕ್ಕೆ ಸರಿಯುತ್ತ ಡಿಸೆಂಬರ್ ಮೊದಲ ದಿನಗಳಲ್ಲಿ ದಕ್ಷಿಣ ಒಳನಾಡಿನ ಹಲವು ಜಿಲ್ಲೆಗಳಿಗೆ ಮಳೆ ತಂದಿತು. ರಾಗಿ ಕೊಯ್ಲು, ಭತ್ತದ ಒಕ್ಕಣೆಯ ಕಾಲವದು. ಕೊಯ್ದ ತೆನೆಯನ್ನು ಹೊಲದಲ್ಲಿ ಬಿಡಬೇಕೆ, ಬಣವೆ ಹಾಕಿ ಮುಚ್ಚಬೇಕೆ ಎಂಬ ತೀರ್ಮಾನಕ್ಕೆ ಇಂಥ ಮುನ್ಸೂಚನೆಯೇ ಆಧಾರ.

ಮುನ್ಸೂಚನೆ ಕೇವಲ ಚಿತ್ರ ನೋಡಿ ಹೇಳುವಂಥದಲ್ಲ. ಉಪಗ್ರಹ, ಬಲೂನು, ಹಡಗು, ರೇಡಾರ್, ನೆಲದ ಕೇಂದ್ರಗಳ ಅಳತೆಗಳೆಲ್ಲ ಸೂಪರ್ ಕಂಪ್ಯೂಟರ್ ಸೇರುತ್ತವೆ. ಅದು ವಾತಾವರಣವನ್ನು ಚೌಕಗಳಾಗಿ ವಿಂಗಡಿಸಿ ಮುಂದಿನ ದಿನಗಳ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಈ ಚೌಕದ ಅಳತೆ 12 ಕಿ.ಮೀ.ನಿಂದ 6 ಕಿ.ಮೀ.ಗೆ ಇಳಿದಿದೆ. ಆದರೂ ಆರಂಭದ ಅಳತೆಯಲ್ಲಿನ ಸಣ್ಣ ತಪ್ಪು ದಿನ ಕಳೆದಂತೆ ದೊಡ್ಡದಾಗುವುದರಿಂದ, ನಾಳಿನ ಮುನ್ಸೂಚನೆಯಷ್ಟು ಮುಂದಿನ ವಾರದ್ದು ಖಚಿತವಾಗಿರುವುದಿಲ್ಲ.

‘ಕೆಲವು ಕಡೆ’ ಎಂದರೆ ಎಷ್ಟು ಕಡೆ?

ಮತ್ತೆ ಮದ್ದೂರು–ಮಳವಳ್ಳಿ ರೈತರ ವಾದಕ್ಕೆ ಬರೋಣ. ಹವಾಮಾನ ಇಲಾಖೆಯ ಭಾಷೆಯಲ್ಲಿ ಪ್ರತಿ ಪದಕ್ಕೂ ಅಳತೆಯಿದೆ. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಕಾಲು ಭಾಗದಷ್ಟು ಮಾಪನ ಕೇಂದ್ರಗಳಲ್ಲಿ ಮಾತ್ರ ಮಳೆ. ‘ಕೆಲವು ಕಡೆ’ ಎಂದರೆ ಶೇ 26ರಿಂದ 50, ‘ಹಲವು ಕಡೆ’ ಎಂದರೆ ಶೇ 51ರಿಂದ 75, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಹೆಚ್ಚು. ಅಂದರೆ ‘ಕೆಲವು ಕಡೆ ಮಳೆ’ ಎಂಬ ಮುನ್ಸೂಚನೆ ಪೂರ್ತಿ ನಿಜವಾದ ದಿನವೂ ಅರ್ಧಕ್ಕಿಂತ ಹೆಚ್ಚು ಊರುಗಳು ಒಣಗಿರಬಹುದು.

ದೇಶದ ಮಟ್ಟದಲ್ಲೂ ಇದೇ ಕಥೆ. 2023ರ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 96ರಷ್ಟಿರುತ್ತದೆಂದು ಇಲಾಖೆ ಏಪ್ರಿಲ್‌ನಲ್ಲಿ ಹೇಳಿತ್ತು, ಶೇ 94ರಷ್ಟಾಯಿತು. ದೇಶದ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ಆ ವರ್ಷ ಕರ್ನಾಟಕಕ್ಕೆ ತೀವ್ರ ಬರ ಬಂದಿತು, ಕೃಷ್ಣರಾಜಸಾಗರ ತುಂಬಲಿಲ್ಲ, ಕಾವೇರಿ ನೀರಿಗಾಗಿ ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್ ನಡೆಯಿತು. ಸರಾಸರಿಯಿಂದ ಗದ್ದೆಗೆ ನೀರು ಹರಿಯುವುದಿಲ್ಲ.

ಆದ್ದರಿಂದ ಯಾವ ಪ್ರಶ್ನೆಗೆ ಯಾವ ಮುನ್ಸೂಚನೆ ಎಂಬುದನ್ನು ಅರಿತು ಬಳಸಬೇಕು. ಉಪಗ್ರಹ ಚಿತ್ರದಲ್ಲಿ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರಗಳತ್ತ ನೋಡಿದರೆ ಮುಂದಿನ ಕೆಲವು ದಿನಗಳ ಒಲವು ತಿಳಿಯುತ್ತದೆ. ಔಷಧಿ ಸಿಂಪಡಣೆ, ಕೊಯ್ಲಿನ ತೀರ್ಮಾನಕ್ಕೆ ಮಂಗಳವಾರ, ಶುಕ್ರವಾರಗಳಂದು ಹೊರಡುವ ಕೃಷಿ ಹವಾಮಾನ ಸಲಹೆ ಹಾಗೂ ‘ಮೇಘದೂತ್’ ಆ್ಯಪ್ ಇವೆ. ಹೊಲದಲ್ಲಿರುವಾಗ ಗುಡುಗಿದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಎಚ್ಚರಿಸುತ್ತದೆ. ನಿಜಕ್ಕೂ ಎಷ್ಟು ಮಳೆ ಬಿತ್ತೆಂಬುದಕ್ಕೆ ಅದೇ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಅಳವಡಿಸಿರುವ ಸ್ವಯಂಚಾಲಿತ ಮಳೆಮಾಪಕಗಳೇ ಸಾಕ್ಷಿ.

ಆ ಪುಟ್ಟ ಮಳೆಮಾಪಕಕ್ಕೆ ಗಿಡ ಅಡ್ಡ ಬೆಳೆಯದಂತೆ, ಮಕ್ಕಳು ಕಲ್ಲು ತುಂಬದಂತೆ ನೋಡಿಕೊಳ್ಳುವುದು ಊರಿನವರ ಕೈಯಲ್ಲಿದೆ. 36 ಸಾವಿರ ಕಿ.ಮೀ. ಮೇಲಿನ ಕಣ್ಣು ಮಾಡಿದ ಅಂದಾಜನ್ನು ಸರಿಯೋ ತಪ್ಪೋ ಎಂದು ಒರೆಗೆ ಹಚ್ಚುವುದು ಕೊನೆಗೂ ಅದರಲ್ಲಿ ಬಿದ್ದ ಹನಿಗಳೇ.