ಮಚ್ಚಿನ ಹದ ಕೆಡಿಸಿದ್ದು ಯಾರು?

"ಇದೇನ್ಲಾ ಕೊಟ್ಟಿದ್ದೀಯ, ಮಚ್ಚೋ ತಗಡೋ?"

ಜಗಳ ಆಡಬೇಕೆಂದೇ ಗೆಳೆಯನ ಕುಲುಮೆಗೆ ಹೋಗಿದ್ದೆ. ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹೊಂದಿಸುವ ಕಾಲ. ಅವನು ಮಾಡಿಕೊಟ್ಟ ಮಚ್ಚು ಒಂದು ವರ್ಷ ಚೆನ್ನಾಗಿ ಕಡಿದಿತ್ತು. ಈ ಸಲ ಒಣ ಜಾಲಿಗೆ ನಾಲ್ಕು ಏಟು ಹಾಕುವಷ್ಟರಲ್ಲಿ ಬಾಯಿ ಮಡಚಿಕೊಂಡಿತು.

ಅವನು ಮಾತಾಡಲಿಲ್ಲ. ಮಚ್ಚನ್ನು ಬಿಸಿಲಿಗೆ ಹಿಡಿದು ಬಾಯಿಯ ಉದ್ದಕ್ಕೂ ನೋಡಿದ. ಅಲ್ಲಲ್ಲಿ ನವಿಲುಗರಿಯ ಹಾಗೆ ನೀಲಿ ಕಲೆ.

"ಯಾರು ಸಾಣೆ ಹಿಡಿದಿದ್ದು?"

"ಪೇಟೇಲಿ ವೆಲ್ಡಿಂಗ್ ಅಂಗಡಿಯವರು. ಗ್ರೈಂಡರ್‌ನಲ್ಲಿ ಐದೇ ನಿಮಿಷ."

"ಐದು ನಿಮಿಷಕ್ಕೆ ನನ್ನ ಅರ್ಧ ದಿನದ ಕೆಲಸ ತೆಗೆದುಬಿಟ್ಟಿದ್ದಾರೆ. ಬೆಳಿಗ್ಗೆ ಬಾ. ಈ ಸಲ ನೀನೇ ಹದ ಹಾಕು, ಗೊತ್ತಾಗುತ್ತೆ."

ನಾವಿಬ್ಬರೂ ಒಂದೇ ಸ್ಕೂಲಲ್ಲಿ ಓದಿದವರು. ನಲವತ್ತು ವರ್ಷದಿಂದ ಆ ಕುಲುಮೆಯ ಮುಂದೆ ಕೂತು ಹರಟಿದ್ದೇನೆ, ಬೀಡಿ ಹಚ್ಚಿದ್ದೇನೆ. ಒಂದು ದಿನವೂ ಸುತ್ತಿಗೆ ಮುಟ್ಟಿರಲಿಲ್ಲ.

ಮೊದಲು ಒಂದು ಕೊಕ್ಕೆ

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿರುವ ಊರು. ಹೆಂಚಿನ ಮಾಡು, ಮೂರು ಕಡೆ ಗೋಡೆ. ಚರ್ಮದ ತಿದಿ ಅಟ್ಟ ಸೇರಿದೆ, ಈಗ ಕರೆಂಟಿನ ಬ್ಲೋಯರ್. ಮಿಕ್ಕಿದ್ದೆಲ್ಲ ಅವರಪ್ಪನ ಕಾಲದ್ದೇ: ಅಡೆಗಲ್ಲು, ಇಕ್ಕಳ, ಸಮ್ಮಟಿಗೆ, ನೀರಿನ ಕಲ್ಲುಬಾನಿ.

ಮಚ್ಚು ಮುಟ್ಟಲು ಬಿಡಲಿಲ್ಲ. ಮೊದಲು ಒಂದು ಗೇಣು ಕಂಬಿ ಕೊಟ್ಟು, "ಕೊಕ್ಕೆ ಮಾಡು" ಅಂದ. ಇಕ್ಕಳದಲ್ಲಿ ಹಿಡಿದು ಬಡಿದೆ. ಮೂರನೇ ಏಟಿಗೆ ಕಂಬಿ ಹಾರಿ ಬೂದಿಗೆ ಬಿತ್ತು. ಗುದ್ದಲಿ ಹಿಡಿದ ಕೈ, ಶಕ್ತಿಗೇನೂ ಕಮ್ಮಿ ಇಲ್ಲ. ಆದರೆ ಏಟು ಒಂದು ಕಡೆ, ಕಂಬಿ ಒಂದು ಕಡೆ. ಸಮ್ಮಟಿಗೆ ಏಟು ಹಾಕುವುದು ಅವನ ಹೆಂಡತಿ. ಇಪ್ಪತ್ತು ವರ್ಷದಿಂದ ಜೊತೆಗೆ ನಿಂತ ಹೆಣ್ಣುಮಗಳು. "ಅಷ್ಟು ಬಿಗಿಯಾಗಿ ಹಿಡೀಬೇಡಿ ಅಣ್ಣ. ಸುತ್ತಿಗೆ ತಾನೇ ಬೀಳ್ಲಿ, ನೀವು ಎತ್ತಿದ್ರೆ ಸಾಕು" ಅಂದರು. ಅವರು ಹೇಳಿದ ಹಾಗೆ ಮಾಡಿದ ಮೇಲೆ ತೋಳಿನ ನೋವು ಅರ್ಧ ಇಳಿಯಿತು.

ಕಬ್ಬಿಣ ಕಾದಾಗಲೇ ಬಡಿಯಬೇಕು ಎಂಬ ಗಾದೆಯನ್ನು ನಾವು ಎಲ್ಲದಕ್ಕೂ ಹೇಳುತ್ತೇವೆ. ಆ 'ಕಾದಾಗ' ಎಷ್ಟು ಹೊತ್ತು ಎಂಬುದು ಅವತ್ತು ಗೊತ್ತಾಯಿತು. ಬೆರಳು ದಪ್ಪದ ಕಂಬಿಗೆ ಹತ್ತು ಹನ್ನೆರಡು ಏಟು, ಅಷ್ಟೇ. ಕಿತ್ತಳೆ ಬಣ್ಣ ಇಳಿದು ಕರಿಗೆಂಪಾದರೆ ಮತ್ತೆ ಬೆಂಕಿಗೆ. ತಣ್ಣಗಾದದ್ದನ್ನು ಬಡಿದರೆ ಸೀಳುತ್ತದೆ. ಹೆಚ್ಚು ಕಾದರೂ ಕೆಟ್ಟಿತು. ನಾನು ಮಾತಿಗೆ ನಿಂತು ಒಂದು ಕಂಬಿ ಮರೆತೆ. ಹೊರಗೆಳೆದರೆ ಸುರ್‌ಸುರ್‌ಬತ್ತಿಯ ಹಾಗೆ ಕಿಡಿ. ಕಬ್ಬಿಣವೇ ಉರಿಯುತ್ತಿತ್ತು! ಆ ತುದಿಯನ್ನು ಕತ್ತರಿಸಿ ಬಿಸಾಡಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಕೊಕ್ಕೆ ಆಯಿತು. ಸೊಟ್ಟಗಿದೆ. ಈಗ ಕೊಟ್ಟಿಗೆಯಲ್ಲಿ ಹಗ್ಗ ನೇತುಹಾಕಲು ಇಟ್ಟಿದ್ದೇನೆ.

ಹದ ಎಂದರೆ

ಊಟ ಆದ ಮೇಲೆ ನನ್ನ ಮಚ್ಚಿನ ಸರದಿ. ಅದು ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದು. ಮನೆ ಕಟ್ಟುವ ಕಂಬಿಯಲ್ಲಿ ಇಂಗಾಲ ನೂರಕ್ಕೆ ಕಾಲು ಪಾಲಿನ ಆಸುಪಾಸು. ಸ್ಪ್ರಿಂಗ್ ಪಟ್ಟಿಯಲ್ಲಿ ಅರ್ಧ ಪಾಲಿಗಿಂತ ತುಸು ಹೆಚ್ಚು. ಅಷ್ಟು ಇಂಗಾಲ ಇದ್ದರೆ ಮಾತ್ರ ಕಾಯಿಸಿ ನೀರಿಗಿಟ್ಟಾಗ ಉಕ್ಕು ಗಟ್ಟಿಯಾಗುವುದು. ಕಂಬಿಯಲ್ಲಿ ಮಾಡಿದ ಮಚ್ಚು ನೋಡಲು ಚೆಂದ, ಬಾಯಿ ನಿಲ್ಲುವುದಿಲ್ಲ.

ಈ ಗುಟ್ಟು ನಮ್ಮ ಸೀಮೆಗೆ ಹೊಸದಲ್ಲ. 1800-01ರಲ್ಲಿ ಮೈಸೂರು ರಾಜ್ಯ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಮುಚ್ಚಿ ಕಾಯಿಸುತ್ತಿದ್ದರಂತೆ. ಆ ಕಡ್ಡಿಯ ಇಂಗಾಲ ಕಬ್ಬಿಣಕ್ಕಿಳಿದು ಉಕ್ಕಾಗುತ್ತಿತ್ತು. ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ.

ಮಡಚಿದ ಬಾಯಿಯನ್ನು ಬಡಿದು ಸರಿಮಾಡಿ ಬೂದಿಯಲ್ಲಿ ಮೆಲ್ಲಗೆ ಆರಲು ಬಿಟ್ಟೆವು. ಆಮೇಲೆ ಮತ್ತೆ ಬೆಂಕಿ. ಎಷ್ಟು ಕಾಯಬೇಕು? ಕುಲುಮೆ ಮೂಲೆಯಲ್ಲಿ ಹಳೆ ಸ್ಪೀಕರಿನ ಅಯಸ್ಕಾಂತವೊಂದು ತಂತಿಯಲ್ಲಿ ನೇತಾಡುತ್ತದೆ. ಉಕ್ಕು ಸುಮಾರು 770 ಡಿಗ್ರಿಗೆ ಬಂದಾಗ ಅಯಸ್ಕಾಂತ ಅದನ್ನು ಹಿಡಿಯುವುದಿಲ್ಲ. ಅದರ ಮೇಲೆ ಇನ್ನೊಂದು ಚೂರು ಕೆಂಪೇರಿದರೆ ಸರಿ. "ಇದು ನಿನ್ನಂಥೋರಿಗೆ. ನನಗೆ ಬಣ್ಣ ನೋಡಿದ್ರೆ ಸಾಕು" ಅಂದ. ಬಣ್ಣ ಕಾಣಲೆಂದೇ ಕುಲುಮೆಯೊಳಗೆ ಬೆಳಕು ಕಡಿಮೆ ಇಟ್ಟಿರುತ್ತಾರೆ.

ಬಾಯಿ ಕಡೆಯ ಒಂದಂಗುಲ ಮಾತ್ರ ನೀರಿಗೆ. ಪೂರ್ತಿ ಮುಳುಗಿಸಿದರೆ ಬಿರುಕು ಬಿಡಬಹುದು. ಈಗ ಬಾಯಿ ಗಾಜಿನಷ್ಟು ಗಟ್ಟಿ, ಅಷ್ಟೇ ಪೆಡಸು. ಹಾಗೇ ಬಿಟ್ಟರೆ ಮೊದಲ ಏಟಿಗೆ ಚಕ್ಕೆ ಏಳುತ್ತದೆ. ಕೂಡಲೇ ಸಾಣೆಕಲ್ಲಿನ ಚೂರಿನಿಂದ ಉಜ್ಜಿ ಬೆಳ್ಳಗೆ ಮಾಡಬೇಕು. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಬಾಯಿಗೆ ಇಳಿಯುತ್ತದೆ, ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಹಳದಿ, ಅದು ಸುಮಾರು 220 ಡಿಗ್ರಿ. ಆಮೇಲೆ ಕಂದು, ನೇರಳೆ. 300ರ ಹತ್ತಿರ ನೀಲಿ. ಮಚ್ಚಿಗೆ ಕಂದು ಹೋಗಿ ನೇರಳೆ ಬರುವ ಹೊತ್ತಿಗೆ ಪೂರ್ತಿ ತಣಿಸಬೇಕು.

ನಾನು ಬೆರಗಾಗಿ ನೋಡುತ್ತಾ ನಿಂತೆ. ನೀಲಿ ಬಂದೇಬಿಟ್ಟಿತು. ನಿನ್ನೆ ನಾನು ತಂದು ತೋರಿಸಿದ ಅದೇ ನೀಲಿ.

ಅವನು ನಕ್ಕ. "ಈಗ ಗೊತ್ತಾಯ್ತಾ, ಗ್ರೈಂಡರ್ ಏನು ಮಾಡ್ತು ಅಂತ?"

ಎರಡನೇ ಸಲ ಸರಿಹೋಯಿತು. ಹೊಲ ಉಳಲು ಹದ ನೋಡುವ ನಾವು, ಒಂದು ದಿನ ಹೆಚ್ಚುಕಮ್ಮಿಯಾದರೆ ಹೆಂಟೆ ಏಳುತ್ತದೆ ಎನ್ನುತ್ತೇವೆ. ಅವನ ಹದ ಒಂದು ಉಸಿರಿನಷ್ಟು ಹೊತ್ತು.

ದುಬಾರಿ ಯಾವುದು?

ಇದಕ್ಕೆ ಅವನು ಕೇಳುವುದು ನೂರು ರೂಪಾಯಿ. ಕಳೆದ ವರ್ಷ ನಾನೇ ಎಂಬತ್ತಕ್ಕೆ ಚೌಕಾಸಿ ಮಾಡಿದ್ದೆ. ಇದ್ದಿಲು, ಕರೆಂಟು, ಇಬ್ಬರ ಕೂಲಿ ಹಾಕಿ ನೋಡಿದರೆ ಅವನಿಗೆ ಏನೂ ಗಿಟ್ಟುವುದಿಲ್ಲ.

ಅವರಪ್ಪನ ಕಾಲದಲ್ಲಿ ದುಡ್ಡಿನ ಮಾತಿರಲಿಲ್ಲ. ವರ್ಷವಿಡೀ ಗುಳ ತಟ್ಟಿ, ಕುಡ್ಲು ಕಕ್ಕು ಹಾಕಿ ಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ರಾಗಿ ಒಯ್ಯುವುದು. ಟ್ರ್ಯಾಕ್ಟರ್ ಬಂದು ಮರದ ನೇಗಿಲು ಅಟ್ಟ ಸೇರಿತು, ಗುಳದ ಕೆಲಸ ನಿಂತಿತು. ಆಯವೂ ನಿಂತಿತು. ಕೆ.ಆರ್.ನಗರದ ಗದ್ದೆ ಬಯಲಿನಿಂದ ಕೊಯ್ಲು ಕುಡ್ಲಿಗೆ ಬರುತ್ತಿದ್ದವರು ಕೊಯ್ಲು ಮೆಷಿನ್ ಬಂದ ಮೇಲೆ ಕಮ್ಮಿಯಾದರು. ಎಚ್.ಡಿ.ಕೋಟೆ ಕಡೆಯವರು ಮಚ್ಚು, ಕೊಡಲಿಗೆ ಈಗಲೂ ಬರುತ್ತಾರೆ. ಮಗ ಮೈಸೂರಿನಲ್ಲಿ ಕೆಲಸಕ್ಕಿದ್ದಾನೆ, ಕುಲುಮೆಗೆ ಬರುವವನಲ್ಲ.

"ಯುಗಾದಿವರೆಗೂ ನೋಡ್ತೀನಿ ಕಣ್ಲಾ. ಆಮೇಲೆ ಬೆಂಕಿ ಆರಿಸೋದೇ" ಅಂದ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ತೋಳುನೋವು ಒಂದು, ಈ ಮಾತು ಇನ್ನೊಂದು. ಮಾರನೇ ದಿನ ನಮ್ಮ ಬೀದಿಯ ಹನ್ನೊಂದು ಮನೆಯವರು ಸೇರಿ ಒಂದು ತೀರ್ಮಾನಕ್ಕೆ ಬಂದೆವು. ಮುಂಗಾರಿಗೆ ಮೊದಲು ಒಂದು ಸಲ, ಸುಗ್ಗಿಗೆ ಮೊದಲು ಒಂದು ಸಲ ಎಲ್ಲರ ಹತಾರವನ್ನೂ ಒಟ್ಟಿಗೆ ಕೊಡುವುದು. ಇದ್ದಿಲಿನ ದುಡ್ಡು ಮುಂಗಡ. ಒಂದೇ ಬೆಂಕಿಯಲ್ಲಿ ಹತ್ತು ಹತಾರ ಆದರೆ ಅವನಿಗೂ ಗಿಟ್ಟುತ್ತದೆ. ಇಷ್ಟರಿಂದ ಕುಲುಮೆ ಉಳಿಯುತ್ತದೋ ಇಲ್ಲವೋ, ಯುಗಾದಿಗೆ ಗೊತ್ತಾಗುತ್ತದೆ.

ಹತಾರ ಇಟ್ಟುಕೊಂಡವರಿಗೆ ಅವನು ಹೇಳಿದ ನಾಲ್ಕು ಮಾತು:

ಮಚ್ಚು, ಕುಡ್ಲನ್ನು ಸಾಣೆಕಲ್ಲಿನಲ್ಲಿ ನೀರು ಹಾಕಿಕೊಂಡು ಮಸೆಯಿರಿ. ಗ್ರೈಂಡರ್ ಬೇಕೇಬೇಕೆಂದರೆ ಎರಡು ಎಳೆತಕ್ಕೊಮ್ಮೆ ನೀರಿಗೆ ಅದ್ದಿ. ಕೈಗೆ ಬಿಸಿ ತಾಗಿದರೆ ನಿಲ್ಲಿಸಿ.

ಕಾವು ಮುರಿದರೆ ಒಳಗಿನ ಮರ ತೆಗೆಯಲು ಹತಾರವನ್ನು ಒಲೆಗೆ ಹಾಕಬೇಡಿ. ಹದ ಅಲ್ಲೇ ಹೋಗುತ್ತದೆ. ಮೊಳೆ ಬಡಿದು ಮರವನ್ನು ಹೊರದೂಡಿ.

ಹೊಸದು ಕೊಳ್ಳುವಾಗ ಬಾಯಿಗೆ ಅರ ಎಳೆದು ನೋಡಿ. ಅರ ಜಾರಿದರೆ ಗಟ್ಟಿ ಇದೆ. ಬೆಣ್ಣೆಯಂತೆ ಕಚ್ಚಿದರೆ ಹದ ಇಲ್ಲ.

ಕೆಲಸ ಮುಗಿದ ಮೇಲೆ ಒರೆಸಿ, ಹರಳೆಣ್ಣೆ ಸವರಿ ಇಡಿ.

ನನ್ನ ಮಚ್ಚು ಈಗ ಜಾಲಿ ಕಡಿಯುತ್ತಿದೆ. ಈ ಸಲ ನೂರು ರೂಪಾಯಿಗೆ ಚೌಕಾಸಿ ಮಾಡಲಿಲ್ಲ.